ಶನಿವಾರ ನಾಲ್ಕು ಗಂಟೆಗೆ ಇಂಗ್ಲೆಂಡಿನ ಟಿವಿಯಲ್ಲಿ ಕುಸ್ತಿ ಬರ್ತಿತ್ತಂತೆ, ನಿಜಾನಾ?

ಮುಧೋಳ ಗರಡಿಮನೆ:
ನಮ್ಮ ಅಜ್ಜ ಪೈಲ್ವಾನ್, ಜಾತ್ರೆ ಕುಸ್ತಿಗಳಲ್ಲಿ ಹೆಸರು ಮಾಡಿದವರು. ಅವರ ತಮ್ಮ, ಅಂದರೆ ನಮ್ಮ ಸಣ್ಣಜ್ಜ, ಬ್ರಾಡ್‌ಫರ್ಡ್‌ನ ಉಣ್ಣೆ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ರಜೆಗೆ ಬಂದಾಗಲೆಲ್ಲ ಅಣ್ಣ ತಮ್ಮಂದಿರಿಗೆ ಒಂದೇ ವಾದವಂತೆ. "ಅಲ್ಲಿ ಶನಿವಾರ ನಾಲ್ಕಕ್ಕೆ ಟಿವಿಯಲ್ಲಿ ಕುಸ್ತಿ, ಮುದುಕಿಯರೂ ಬಿಡಂಗಿಲ್ಲ" ಅಂತ ತಮ್ಮ. "ಹೊಟ್ಟೆ ಬಿಟ್ಟವರು ಆಡೋದು ಕುಸ್ತೀನಾ?" ಅಂತ ಅಣ್ಣ.

ಈಗ ಇಬ್ಬರೂ ಇಲ್ಲ. ಮೊನ್ನೆ ಟ್ರಂಕಿನಲ್ಲಿ ಸಣ್ಣಜ್ಜನ ಒಂದು ಪೇಪರ್ ಕಟಿಂಗ್ ಸಿಕ್ಕಿತು. ಭಾರೀ ಆಳು, ಮೈಗಂಟಿದ ಅಂಗಿ, ಎದೆ ಮೇಲೆ ದೊಡ್ಡ ಡಿ ಅಕ್ಷರ. ಯಾರಿವನು? ಆ ಕುಸ್ತಿ ಖರೇನಾ, ಸುಮ್ನೆ ನಾಟಕಾನಾ? ಮಿಕ್ಕ ಹೊತ್ತು ಟಿವಿಯಲ್ಲಿ ಏನು ಬರ್ತಿತ್ತು? ಆ ಕಾಲದಲ್ಲಿ ಅಲ್ಲಿದ್ದ ಹಿರಿಯರು ಯಾರಾದರೂ ಇದ್ದರೆ ಹೇಳಿ.

ಟಿಳಕವಾಡಿ ಡಾಕ್ಟರ್:
ತಮ್ಮಾ, ಅವನು ಬಿಗ್ ಡ್ಯಾಡಿ. ಖರೆ ಹೆಸರು ಶರ್ಲಿ ಕ್ರ್ಯಾಬ್‌ಟ್ರೀ. ಹೆಣ್ಣುಮಗಳ ಹೆಸರಿಟ್ಟುಕೊಂಡು ಶಾಲೆಗೆ ಹೋದ ಹುಡುಗ ಮೈ ಬೆಳೆಸದೆ ಇನ್ನೇನು ಮಾಡ್ಯಾನು? ಆ ಡಿ ಅಕ್ಷರದ ಅಂಗಿಯನ್ನು ಹೆಂಡತಿ ಮನೆಯ ಸೋಫಾ ಬಟ್ಟೆಯಲ್ಲೇ ಹೊಲಿದುಕೊಟ್ಟಿದ್ದಳು.

ನಾನು ಬೆಳಗಾವಿಯಲ್ಲಿ ಎಂಬಿಬಿಎಸ್ ಮುಗಿಸಿ 1974ರಲ್ಲಿ ಹೋದೆ. ಲ್ಯಾಂಕಾಷೈರ್‌ನ ಸಣ್ಣ ಊರು, ಸಣ್ಣ ಆಸ್ಪತ್ರೆ. ಡಾಕ್ಟರ್‌ಗಳ ಮೆಸ್ಸಿಗೆಲ್ಲ ಒಂದೇ ಟಿವಿ. ದೇಶಕ್ಕೇ ಮೂರು ಚಾನೆಲ್. ಶನಿವಾರ ಮಧ್ಯಾಹ್ನ ಬಿಬಿಸಿಯಲ್ಲಿ ‘ಗ್ರ್ಯಾಂಡ್‌ಸ್ಟ್ಯಾಂಡ್’, ಐಟಿವಿಯಲ್ಲಿ ‘ವರ್ಲ್ಡ್ ಆಫ್ ಸ್ಪೋರ್ಟ್’. ಮೊದಲನೆಯದು 1958ರಿಂದ, ಎರಡನೆಯದು 1965ರಿಂದ ನಡೆದಿತ್ತು. ಊಟದ ಹೊತ್ತಿಗೆ ಕೂತರೆ ಸಂಜೆ ಐದರವರೆಗೆ ಆಟವೋ ಆಟ.

ಆದರೆ ತಮಾಷೆ ಕೇಳು. ಆ ಮಂದಿಗೆ ಹುಚ್ಚು ಇದ್ದದ್ದು ಫುಟ್‌ಬಾಲಿನದು. ಲೀಗ್ ಪಂದ್ಯ ಶುರುವಾಗೋದೇ ಶನಿವಾರ ಮೂರಕ್ಕೆ. ಅದೊಂದನ್ನು ಮಾತ್ರ ನೇರವಾಗಿ ತೋರಿಸುವಂತಿರಲಿಲ್ಲ! ಮನೆಯಲ್ಲೇ ನೋಡಲಿಕ್ಕೆ ಸಿಕ್ಕರೆ ಟಿಕೆಟ್ ಕೊಂಡು ಯಾರು ಬರ್ತಾರೆ ಅಂತ ಕ್ಲಬ್‌ಗಳಿಗೆ ದಿಗಿಲು. ಹೀಗೆ ತಡೆದವರಲ್ಲಿ ಬರ್ನ್ಲಿ ಕ್ಲಬ್ಬಿನ ಅಧ್ಯಕ್ಷ ಬಾಬ್ ಲಾರ್ಡ್ ಮುಂದಾಳು. ವರ್ಷಕ್ಕೊಮ್ಮೆ ಎಫ್‌ಎ ಕಪ್ ಫೈನಲ್‌ಗೆ ಮಾತ್ರ ವಿನಾಯಿತಿ. ಅವತ್ತು ಎರಡೂ ಚಾನೆಲ್ ಬೆಳಗಿನಿಂದಲೇ ಅದರ ಹಿಂದೆ. 1976ರ ಮೇ 1ರಂದು ಎರಡನೇ ಡಿವಿಷನ್ನಿನ ಸೌತಾಂಪ್ಟನ್ ಮ್ಯಾಂಚೆಸ್ಟರ್ ಯುನೈಟೆಡ್ ಅನ್ನು 1-0ಯಿಂದ ಸೋಲಿಸಿದಾಗ ನಮ್ಮ ಮೆಸ್ಸಿನಲ್ಲಿ ಅರ್ಧ ಜನ ಚಹಾ ಮುಟ್ಟಲಿಲ್ಲ.

ಉಳಿದ ಶನಿವಾರಗಳಲ್ಲಿ ಏನು ಮಾಡಬೇಕು? ಫುಟ್‌ಬಾಲ್ ಬಿಟ್ಟು ಜಗತ್ತಿನಲ್ಲಿ ಇರೋದನ್ನೆಲ್ಲ ತೋರಿಸೋದು. ಕುದುರೆ ರೇಸು ಒಂದಾದ ಮೇಲೊಂದು. ರಗ್ಬಿ ಲೀಗ್. ಕೆಸರಿನಲ್ಲಿ ಮೋಟರ್‌ಸೈಕಲ್. ಐಟಿವಿಯವರ ಕೈಗೆ ದೊಡ್ಡ ಆಟಗಳು ಕಡಿಮೆ ಸಿಗುತ್ತಿದ್ದವು, ಹಾಗಾಗಿ ಅವರು ಮೆಕ್ಸಿಕೋದ ಬಂಡೆ ಮೇಲಿಂದ ಸಮುದ್ರಕ್ಕೆ ಹಾರುವವರನ್ನೂ ಹಿಡಿದು ತರುತ್ತಿದ್ದರು. ನನ್ನ ಕೇಳಿದರೆ ಆ ಇಡೀ ಮಧ್ಯಾಹ್ನ ಕಟ್ಟಿದ್ದೇ ತೋರಿಸಲಾಗದ ಫುಟ್‌ಬಾಲಿನ ಸುತ್ತ.

ನಿಮ್ಮ ಸಣ್ಣಜ್ಜನ ಕುಸ್ತಿ ಬರ್ತಿದ್ದದ್ದು ಐಟಿವಿಯಲ್ಲಿ, ಫುಟ್‌ಬಾಲಿನ ಅರ್ಧ ಆಟದ ಸ್ಕೋರ್ ಮತ್ತು ಕೊನೆಯ ಫಲಿತಾಂಶದ ನಡುವೆ. ಕೆಂಟ್ ವಾಲ್ಟನ್ ತಣ್ಣಗೆ ಕಾಮೆಂಟರಿ ಹೇಳುತ್ತಿದ್ದ. ಕಿವಿ ಮುಟ್ಟಿದರೆ ಕಿರುಚುವ ಮಿಕ್ ಮೆಕ್‌ಮೇನಸ್ ಇದ್ದ. ಬೆಟ್ಟದಂಥ ಜಯಂಟ್ ಹೇಸ್ಟ್ಯಾಕ್ಸ್ ಇದ್ದ. ಕೆಂಡೋ ನಾಗಸಾಕಿ ಅಂತ ಮುಖವಾಡದವನೊಬ್ಬ. 1977ರ ಡಿಸೆಂಬರ್‌ನಲ್ಲಿ ಅವನು ಮುಖವಾಡ ತೆಗೆಯೋದಕ್ಕೇ ಒಂದು ದೊಡ್ಡ ಸಮಾರಂಭ! ಮುಂದಿನ ಸಾಲಿನ ಅಜ್ಜಿಯರು ಹ್ಯಾಂಡ್‌ಬ್ಯಾಗ್ ಬೀಸುತ್ತಿದ್ದದ್ದು ನಿಜ.

ನಾಟಕಾನಾ ಅಂದರೆ, ಹೌದು, ಗೆಲ್ಲೋದು ಯಾರು ಅಂತ ಮೊದಲೇ ಗೊತ್ತು. ನಾನು ಆನಂದವಾಡಿ ಆಖಾಡದಲ್ಲಿ ನಿಕಾಲಿ ಕುಸ್ತಿ, ಅಂದರೆ ಒಬ್ಬ ಚಿತ್ ಆಗೋವರೆಗೆ ನಡೆಯೋ ಕುಸ್ತಿ, ನೋಡಿ ಬೆಳೆದವ. ಬೀಳುವವನೇ ಬೀಳಲಿಕ್ಕೆ ಸಹಾಯ ಮಾಡ್ತಿದ್ದಾನೆ ಅಂತ ಎರಡು ನಿಮಿಷಕ್ಕೆ ತಿಳೀತಿತ್ತು. ಆದರೂ ಸಣ್ಣ ಮೈಯವರಲ್ಲಿ ಕೆಲವರ ಪಟ್ಟುಗಳು ಚೆನ್ನಾಗಿದ್ದವು. ಬಿಗ್ ಡ್ಯಾಡಿಗೆ ಬರ್ತಿದ್ದದ್ದು ಹೊಟ್ಟೆಯಿಂದ ಗುದ್ದೋದು ಒಂದೇ. ಆ ಮಟ್ಟಿಗೆ ನಿಮ್ಮ ಅಜ್ಜ ಹೇಳಿದ್ದು ಸರಿ.

ನನಗೆ ಜಾಸ್ತಿ ನೆನಪಿರೋದು ಅದರ ನಂತರದ್ದು. ಐದು ಗಂಟೆ ಹತ್ತಿರ ಬಂದರೆ ಬಿಬಿಸಿಯಲ್ಲಿ ಲೆನ್ ಮಾರ್ಟಿನ್ ಫುಟ್‌ಬಾಲ್ ಫಲಿತಾಂಶ ಓದುತ್ತಿದ್ದರು. ಬರೀ ಊರಿನ ಹೆಸರು, ಅಂಕಿ, ಊರಿನ ಹೆಸರು, ಅಂಕಿ. ಎರಡನೇ ಊರಿನ ಹೆಸರು ಹೇಳುವಾಗ ದನಿ ಏರಿತೋ ಇಳಿಯಿತೋ ಅನ್ನೋದರ ಮೇಲೆ ಅಂಕಿ ಬರುವ ಮೊದಲೇ ಫಲಿತಾಂಶ ಊಹಿಸಬಹುದಿತ್ತು. ವಾರ್ಡಿನಲ್ಲಿ ಪಿನ್ ಬಿದ್ದರೂ ಕೇಳಬೇಕು, ಅಷ್ಟು ಮೌನ. ಕೈಯಲ್ಲಿ ಪೂಲ್ಸ್ ಅನ್ನೋ ಫುಟ್‌ಬಾಲ್ ಬಾಜಿಯ ಕೂಪನ್. ಯಾವ ಪಂದ್ಯಗಳು ಸಮ ಆಗ್ತವೆ ಅಂತ ಗುರುತು ಹಾಕಿ ಲಿಟಲ್‌ವುಡ್ಸ್ ಕಂಪನಿಗೋ ವರ್ನನ್ಸ್ ಕಂಪನಿಗೋ ಕಳಿಸಿರುತ್ತಿದ್ದರು. ಆ ಹೊತ್ತಿನಲ್ಲಿ ಬಿಪಿ ನೋಡಲಿಕ್ಕೆ ಹೋದ ಹೊಸ ಡಾಕ್ಟರಿಗೆ ಬೈಗುಳ ಗ್ಯಾರಂಟಿ. ನೋಡಿದರೂ ಅದು ಸರಿಯಾದ ಬಿಪಿ ಅಲ್ಲ ಬಿಡು.

ಆಮೇಲೆ ‘ಡಾಕ್ಟರ್ ಹೂ’, ಬ್ರೂಸ್ ಫೋರ್ಸೈತ್‌ನ ‘ಜನರೇಷನ್ ಗೇಮ್’, ರಾತ್ರಿ ‘ಮ್ಯಾಚ್ ಆಫ್ ದ ಡೇ’. ಮಧ್ಯಾಹ್ನ ತೋರಿಸದ ಫುಟ್‌ಬಾಲಿನ ತುಣುಕು ಸಿಗುತ್ತಿದ್ದದ್ದು ಆಗ.

ಇಂಡಿ ಲಿಂಬೆ:
ಡಾಕ್ಟರ್ ಸಾಹೇಬ್ರೇ, ನೀವು ಅಲ್ಲಿ ಕುಸ್ತಿ ನೋಡುವಾಗ ನಮ್ಮ ಕಡೆಯೂ ಟಿವಿ ಬಂದಿತ್ತು! 1975ರ ಆಗಸ್ಟ್‌ನಿಂದ ಒಂದು ವರ್ಷ ಸೈಟ್ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರ ಪ್ರಸಾರ. ಕರ್ನಾಟಕದಲ್ಲಿ ಕಲಬುರಗಿ, ರಾಯಚೂರು ಮತ್ತು ಆಗಿನ ಅಖಂಡ ಬಿಜಾಪುರ ಜಿಲ್ಲೆ. ತಂತಿ ಬಲೆಯ ದೊಡ್ಡ ಛತ್ರಿ, ಊರಿಗೊಂದೇ ಟಿವಿ. ಆದರೆ ಬರ್ತಿದ್ದದ್ದು ಜಾಸ್ತಿ ಬೇಸಾಯ, ಆರೋಗ್ಯ. ಪೈಲ್ವಾನರು ಇರಲಿಲ್ಲ ಅನ್ನೋದೊಂದೇ ಕೊರತೆ.

ಗೋಳಗುಮ್ಮಟ ಎಕ್ಸ್‌ಪ್ರೆಸ್:
ಶನಿವಾರ ಅಂದರೆ ನನಗೆ 1983ರ ಜೂನ್ 25. ಲಾರ್ಡ್ಸ್‌ನಲ್ಲಿ ಕ್ರಿಕೆಟ್ ವಿಶ್ವಕಪ್ ಫೈನಲ್, ಭಾರತ 183, ವೆಸ್ಟ್ ಇಂಡೀಸ್ 140. ನಮ್ಮ ಮನೆಯಲ್ಲಿ ರೇಡಿಯೊ, ಕಾಕಾ ಬ್ಯಾಟರಿ ಉಳಿಸಲಿಕ್ಕೆ ಓವರ್ ನಡುವೆ ಬಂದ್ ಮಾಡುತ್ತಿದ್ದರು. ಆ ಕಪ್‌ನಲ್ಲಿ ಅತಿ ಹೆಚ್ಚು ವಿಕೆಟ್, 18, ನಮ್ಮ ಬಿನ್ನಿಯದು. ಹಿಂದಿನ ವಾರ ಜೂನ್ 18, ಅದೂ ಶನಿವಾರವೇ. ಟನ್‌ಬ್ರಿಜ್ ವೆಲ್ಸ್‌ನಲ್ಲಿ 17ಕ್ಕೆ 5 ಬಿದ್ದ ಮೇಲೆ ಕಪಿಲ್ 175, ಜೊತೆಗೆ ನಮ್ಮ ಕಿರ್ಮಾನಿ ಔಟಾಗದೆ 24. ಅದರ ವಿಡಿಯೊ ಮಾತ್ರ ಇಲ್ಲ. ಕುಸ್ತಿಗೆ, ಕುದುರೆಗೆ ಕ್ಯಾಮೆರಾ ಇತ್ತಲ್ಲ, ಸಿಟ್ಟು ಬರುತ್ತೆ.

ಮುಧೋಳ ಗರಡಿಮನೆ:
ಡಾಕ್ಟರ್ ಕಾಕಾ, ಕಟಿಂಗ್‌ಗೆ ಫ್ರೇಮ್ ಹಾಕಿಸ್ತೀನಿ. ಅಜ್ಜನ ಬೆಳ್ಳಿ ಗದೆಯ ಪಕ್ಕ ಅಲ್ಲ, ಸ್ವಲ್ಪ ದೂರದಲ್ಲಿ. ಮೂರು ಗಂಟೆ ಪಂದ್ಯ ತೋರಿಸದ ಆ ನಿಯಮ ಯಾವಾಗ ತೆಗೆದರು?

ಟಿಳಕವಾಡಿ ಡಾಕ್ಟರ್:
ತೆಗೆದೇ ಇಲ್ಲ! ವರ್ಲ್ಡ್ ಆಫ್ ಸ್ಪೋರ್ಟ್ 1985ರಲ್ಲಿ ನಿಂತಿತು, ಕುಸ್ತಿ 1988ರಲ್ಲಿ, ಗ್ರ್ಯಾಂಡ್‌ಸ್ಟ್ಯಾಂಡ್ 2007ರಲ್ಲಿ. ಆ ನಿಯಮ ಇವತ್ತಿಗೂ ಇದೆ, ಶನಿವಾರ ಪಾವಣೆ ಮೂರರಿಂದ ಐದೂಕಾಲರವರೆಗೆ. ನನ್ನ ಮೊಮ್ಮಗ ಇಲ್ಲಿ ಬೆಳಗಾವಿಯಲ್ಲಿ ರಾತ್ರಿ ಎಂಟೂವರೆಗೆ ಮೊಬೈಲ್‌ನಲ್ಲಿ ನೋಡ್ತಾನಲ್ಲ, ಅದೇ ಪಂದ್ಯ. ಮ್ಯಾಂಚೆಸ್ಟರ್‌ನಲ್ಲಿರೋ ಅವನ ಅತ್ತೆ ಫೋನ್ ಮಾಡಿ ಸ್ಕೋರ್ ಕೇಳ್ತಾಳೆ.