ಫೋಮ್ ಹಾಟ್ ಮೆಲ್ಟ್: ಸಂಜೆ ಅಂಟುತ್ತದೆ, ಬೆಳಿಗ್ಗೆ ಕಳಚಿ ಬಿದ್ದಿರುತ್ತದೆ

ಬಿ_ಶಿಫ್ಟ್ ಕೇಳಿದ್ದು:

ನಾನು ಪ್ಯಾಕಿಂಗ್ ಲೈನ್‌ನಲ್ಲಿ ಕೆಲಸ ಮಾಡುವವನು. ರಟ್ಟಿನ ಪೆಟ್ಟಿಗೆಯ ಒಳಗೆ ನಾಲ್ಕೂ ಮೂಲೆಗೆ ಥರ್ಮಾಕೋಲ್ ತುಂಡು ಅಂಟಿಸಬೇಕು. ಇಷ್ಟು ದಿನ ಮಾಮೂಲಿ ಹಾಟ್ ಮೆಲ್ಟ್ (ಬಿಸಿ ಮಾಡಿ ಕರಗಿಸಿ ಹಾಕುವ ಅಂಟು) ಹಾಕುತ್ತಿದ್ದೆವು, 170 ಡಿಗ್ರಿಯಲ್ಲಿ. ಥರ್ಮಾಕೋಲ್ ಸುಮಾರು 100 ಡಿಗ್ರಿಗೇ ಮೆತ್ತಗಾಗುತ್ತದೆ. ಹಾಗಾಗಿ ಅಂಟು ಬಿದ್ದ ಜಾಗದಲ್ಲಿ ಕರಗಿ ಕಾಲುವೆ ಬೀಳುತ್ತಿತ್ತು. ಅಂಟು ಆ ಕಾಲುವೆಯೊಳಗೆ ಇಳಿದು ಕೂತರೆ ರಟ್ಟಿಗೆ ತಾಗುವುದಾದರೂ ಹೇಗೆ?

ಈಗ ಅದೇ ಅಂಟಿಗೆ ನೈಟ್ರೋಜನ್ ಸೇರಿಸಿ ಫೋಮ್ ಮಾಡುವ ಮೆಷಿನ್ ಟ್ರಯಲ್‌ಗೆ ಬಂದಿದೆ. ಗನ್ನಿಂದ ಬರುವ ಗೆರೆ ನೋಡೋಕೆ ಚೆಂದ, ಬೆಳ್ಳಗೆ, ದಪ್ಪಗೆ, ಉಬ್ಬಿಕೊಂಡು ಬರುತ್ತದೆ. ಥರ್ಮಾಕೋಲ್ ಕರಗುವುದು ಬಹುತೇಕ ನಿಂತಿದೆ. ಖುಷಿಯಾಯಿತು. ಆದರೆ ಬೆಳಿಗ್ಗೆ ಬಂದು ನೋಡಿದರೆ ಹತ್ತರಲ್ಲಿ ಮೂರು ತುಂಡು ಕಳಚಿಕೊಂಡು ಪೆಟ್ಟಿಗೆಯ ತಳದಲ್ಲಿ ಬಿದ್ದಿರುತ್ತವೆ.

ಇನ್ನೊಂದು ಕಿರಿಕಿರಿ. ಗನ್ ಮುಚ್ಚಿದ ಮೇಲೂ ನಾಝಲ್ ತುದಿಯಿಂದ ಅಂಟು ತೊಟ್ಟಿಕ್ಕುತ್ತಲೇ ಇರುತ್ತದೆ. ಕನ್ವೇಯರ್ ಬೆಲ್ಟ್ ತುಂಬಾ ಬಿಳಿ ಚುಕ್ಕಿ. ಮೆಷಿನ್ ತಂದವರನ್ನು ಕೇಳಿದರೆ "ಸೆಟ್ಟಿಂಗ್ ಸರಿಯಾಗಿದೆ" ಎನ್ನುತ್ತಾರೆ. ಗ್ಯಾಸ್ ಎಷ್ಟು ಸೇರಿದೆ ಅಂತ ಅಳೆಯುವುದು ಹೇಗೆ, ಅದೂ ಗೊತ್ತಿಲ್ಲ. ಅನುಭವ ಇದ್ದವರು ಹೇಳಿ.

ಹಳೇ_ಫಿಟ್ಟರ್:

ಮೊದಲು ಒಂದು ವಿಷಯ ಹೇಳಿ. ಕಳಚಿ ಬಿದ್ದ ತುಂಡನ್ನು ತಿರುಗಿಸಿ ನೋಡಿದ್ದೀರಾ? ಅಂಟು ಎಲ್ಲಿ ಉಳಿದಿದೆ? ಪೂರ್ತಿ ಥರ್ಮಾಕೋಲ್ ಮೇಲೇ ಇದ್ದು ರಟ್ಟು ಚೊಕ್ಕಟವಾಗಿದ್ದರೆ, ರಟ್ಟನ್ನು ಅದು ಹಿಡಿದೇ ಇಲ್ಲ ಅಂತ ಅರ್ಥ. ಎರಡೂ ಕಡೆ ಅರ್ಧರ್ಧ ಉಳಿದು, ಮಧ್ಯೆ ಸ್ಪಂಜಿನ ಹಾಗೆ ಹರಿದಿದ್ದರೆ ಗ್ಯಾಸ್ ಜಾಸ್ತಿಯಾಗಿದೆ. ಇದನ್ನು ನೋಡದೆ ಯಾರು ಏನು ಹೇಳಿದರೂ ಸುಮ್ನೆ ಊಹೆ.

ತುಂಡನ್ನು ಎಷ್ಟು ಹೊತ್ತು, ಎಷ್ಟು ಗಟ್ಟಿಯಾಗಿ ಒತ್ತುತ್ತೀರಿ, ಅದನ್ನೂ ತಿಳಿಸಿ.

ಬಿ_ಶಿಫ್ಟ್:

ಸರ್, ನೋಡಿದೆ. ಎರಡೂ ಥರ ಇವೆ. ಅರ್ಧ ತುಂಡುಗಳಲ್ಲಿ ರಟ್ಟು ಚೊಕ್ಕಟ, ಉಳಿದವುಗಳಲ್ಲಿ ಮಧ್ಯೆ ಹರಿದಿದೆ.

ಒತ್ತುವುದು ಅಂದರೆ... ನಿಜ ಹೇಳುತ್ತೇನೆ. ಉಬ್ಬು ಹಾಳಾಗುತ್ತದೆ ಅಂತ ಹುಡುಗರಿಗೆ ಮೆಲ್ಲಗೆ ಇಡಿ ಅಂತ ನಾನೇ ಹೇಳಿದ್ದೆ.

ಹಳೇ_ಫಿಟ್ಟರ್:

ಅಯ್ಯೋ ಮಾರಾಯ್ರೇ! ನಕ್ಕಿದ್ದಕ್ಕೆ ಬೇಸರ ಬೇಡ, ಮೊದಲ ಸಲ ನಾನೂ ಹಾಗೇ ಮಾಡಿದ್ದೆ. ಆ ಉಬ್ಬು ಇರುವುದೇ ಚಪ್ಪಟೆಯಾಗಲಿಕ್ಕೆ.

ಸೋಡಾ ಬಾಟಲಿಯ ಉದಾಹರಣೆ ಎಲ್ಲರೂ ಕೊಡುತ್ತಾರೆ, ನಾನೂ ಅದನ್ನೇ ಕೊಡುತ್ತೇನೆ. ನಿಮ್ಮ ಮೆಷಿನ್‌ನಲ್ಲಿ ಬಹುಶಃ ಎರಡು ಹಂತದ ಗೇರ್ ಪಂಪ್ ಇರುತ್ತದೆ. ಮೊದಲನೆಯದು ಕೊಡುವ ಅಂಟಿಗಿಂತ ಎರಡನೆಯದು ಜಾಸ್ತಿ ಎಳೆಯುತ್ತದೆ. ಆ ಖಾಲಿ ಜಾಗಕ್ಕೆ ಗ್ಯಾಸ್ ನುಗ್ಗುತ್ತದೆ. ಹೋಸ್‌ನಲ್ಲಿ ಒತ್ತಡ ಇರುವವರೆಗೆ ಗ್ಯಾಸ್ ಅಂಟಿನೊಳಗೇ ಅಡಗಿರುತ್ತದೆ. ನಾಝಲ್ ದಾಟಿ ಹೊರಗೆ ಬಂದಾಗ, ಸೋಡಾ ಬಾಟಲಿಯ ಮುಚ್ಚಳ ತೆಗೆದ ಹಾಗೆ, ಒತ್ತಡ ಇಳಿದು ಗುಳ್ಳೆ ಏಳುತ್ತದೆ.

ಇದರಿಂದ ಆಗುವ ಲಾಭ ಏನು? ಅಷ್ಟೇ ದಪ್ಪದ ಗೆರೆಯಲ್ಲಿ ಅಂಟು ಸುಮಾರು ಅರ್ಧ. ಹಾಗಾಗಿ ಬಿಸಿಯೂ ಅರ್ಧ, ನಿಮ್ಮ ಥರ್ಮಾಕೋಲ್ ಉಳಿದಿದ್ದು ಅದಕ್ಕೇ. ಗುಳ್ಳೆಯೊಳಗಿನ ಗ್ಯಾಸ್ ಶಾಖವನ್ನು ಬೇಗ ಬಿಟ್ಟುಕೊಡುವುದಿಲ್ಲ, ಆದ್ದರಿಂದ ಗೆರೆ ಒಳಗೊಳಗೇ ಬಿಸಿಯಾಗಿದ್ದು ಓಪನ್ ಟೈಮ್ (ಅಂಟು ಹಾಕಿದ ಮೇಲೆ ತುಂಡು ಕೂರಿಸಲು ಸಿಗುವ ಸಮಯ) ಸ್ವಲ್ಪ ಜಾಸ್ತಿ ಸಿಗುತ್ತದೆ. ಒತ್ತಿದರೆ ಗುಳ್ಳೆ ಅಮುಕಿಕೊಂಡು ಅಂಟು ಸಲೀಸಾಗಿ ಅಗಲಕ್ಕೆ ಹರಡುತ್ತದೆ. ತೆಳುವಾಗಿ ಹರಡಿದ ಅಂಟು ಬೇಗ ಸೆಟ್ ಆಗುತ್ತದೆ. ಒತ್ತುವವರೆಗೆ ನಿಧಾನ, ಒತ್ತಿದ ಮೇಲೆ ಚುರುಕು. ನೀವು ಒತ್ತದೆ ಇಟ್ಟರೆ ಗುಳ್ಳೆಯ ನೆತ್ತಿಗಳು ಮಾತ್ರ ರಟ್ಟಿಗೆ ತಾಗುತ್ತವೆ. ಸಂಜೆ ಹಿಡಿದ ಹಾಗೆ ಕಾಣುತ್ತದೆ, ರಾತ್ರಿ ತಣ್ಣಗಾಗಿ ಕುಗ್ಗಿದಾಗ ಬಿಡುತ್ತದೆ.

ನಂಬಿಕೆ ಬಾರದಿದ್ದರೆ ಹೀಗೆ ಮಾಡಿ. ಗಾಜಿನ ಮೇಲೆ ಹತ್ತು ಸೆಂಟಿಮೀಟರ್ ಉದ್ದದ ಎರಡು ಗೆರೆ ಎಳೆಯಿರಿ, ಒಂದು ಫೋಮ್, ಒಂದು ಮಾಮೂಲಿ. ಎರಡರಲ್ಲೂ ಅಂಟಿನ ತೂಕ ಒಂದೇ ಇರಲಿ. ಮೇಲೆ ಇನ್ನೊಂದು ಗಾಜು ಇಟ್ಟು ತಕ್ಷಣ ಒತ್ತಿ. ಕೆಳಗಿನಿಂದ ನೋಡಿದರೆ ಎಲ್ಲ ಕಾಣುತ್ತದೆ.

ಗ್ಯಾಸ್ ಅಳತೆಗೆ ಒಂದು ಲೋಹದ ಕಪ್ಪು ಮತ್ತು ತಕ್ಕಡಿ ಸಾಕು. ಗ್ಯಾಸ್ ನಿಲ್ಲಿಸಿ, ಹೋಸ್‌ನಲ್ಲಿ ಉಳಿದ ಫೋಮ್ ಎಲ್ಲ ಹೋಗುವವರೆಗೆ ಬಿಟ್ಟು, ಆಮೇಲೆ ಕಪ್ಪು ತುಂಬಿಸಿ ತೂಗಿ. ಗ್ಯಾಸ್ ಹಾಕಿ ಮತ್ತೆ ತುಂಬಿಸಿ. ಫೋಮ್ ಹೊರಬಂದ ಮೇಲೂ ಕೆಲವು ಸೆಕೆಂಡ್ ಉಬ್ಬುತ್ತದೆ, ತಾಳಿ, ಆಮೇಲೆ ಚಾಕುವಿನಿಂದ ಸಮ ಮಾಡಿ ತೂಗಿ. ಎಷ್ಟು ತೂಕ ಕಮ್ಮಿಯಾಯಿತೋ ಅದನ್ನು ಮೊದಲ ತೂಕದಿಂದ ಭಾಗಿಸಿ. ಎರಡನ್ನೂ ಬಿಸಿ ಇರುವಾಗಲೇ ಸಮ ಮಾಡಿ, ತಣ್ಣಗಾದರೆ ಅಂಟು ಕುಗ್ಗಿ ಲೆಕ್ಕ ತಪ್ಪುತ್ತದೆ. ಕೈಗೆ ಗ್ಲೌಸ್ ಹಾಕಿ. ಚರ್ಮಕ್ಕೆ ಬಿದ್ದ ಹಾಟ್ ಮೆಲ್ಟ್ ಒರೆಸಿದರೆ ಹೋಗುವುದಿಲ್ಲ, ಅಂಟಿಕೊಂಡೇ ಸುಡುತ್ತದೆ.

ತೊಟ್ಟಿಕ್ಕುವ ವಿಷಯ. ನಾಝಲ್ ಉದ್ದ ಎಷ್ಟಿದೆ ನೋಡಿ. ಗನ್ನಿನ ಸೂಜಿ ಮುಚ್ಚಿದ ಮೇಲೆ, ಸೂಜಿಯಿಂದ ತುದಿಯವರೆಗೆ ಉಳಿದ ಅಂಟಿನಲ್ಲೂ ಗ್ಯಾಸ್ ಇರುತ್ತದಲ್ವಾ? ಅದು ಉಬ್ಬಿ ಉಬ್ಬಿ ಹೊರಗೆ ತಳ್ಳುತ್ತದೆ. ಆ ದಾರಿ ಗಿಡ್ಡ ಇದ್ದಷ್ಟೂ ಒಳ್ಳೆಯದು.

ಕಾಳು_ಅಂಟು:

ಮಧ್ಯೆ ಬಾಯಿ ಹಾಕುತ್ತೇನೆ. ಇಷ್ಟೆಲ್ಲ ಯಾಕೆ? 120, 130 ಡಿಗ್ರಿಯಲ್ಲೇ ಹಾಕುವ ಕಡಿಮೆ ಬಿಸಿಯ ಹಾಟ್ ಮೆಲ್ಟ್ ಸಿಗುತ್ತದೆ. ಅದಕ್ಕೆ ಬದಲಾಯಿಸಿದರೆ ಮೆಷಿನ್ನೂ ಬೇಡ, ನೈಟ್ರೋಜನ್ ಸಿಲಿಂಡರೂ ಬೇಡ. ಸಿಲಿಂಡರ್ ಬೇಡ ಅಂತ ನಮ್ಮಲ್ಲಿ ಒಮ್ಮೆ ಕಂಪ್ರೆಸರ್ ಗಾಳಿಯಲ್ಲೇ ಫೋಮ್ ಮಾಡಿದರು. ವಾರದಲ್ಲಿ ಟ್ಯಾಂಕಿನ ಅಂಟು ಚಹಾದ ಬಣ್ಣಕ್ಕೆ ತಿರುಗಿ, ಫಿಲ್ಟರ್ ತುಂಬಾ ಕರಿ ಚೂರು.

ಹಳೇ_ಫಿಟ್ಟರ್:

ನಿಮ್ಮ ಮಾತು ತೆಗೆದುಹಾಕುವಂಥದ್ದಲ್ಲ. ಆದರೆ ಕಡಿಮೆ ಬಿಸಿಗೆ ಕರಗುವ ಅಂಟು ಸಾಮಾನ್ಯವಾಗಿ ಕಡಿಮೆ ಬಿಸಿಗೇ ಮೆತ್ತಗೂ ಆಗುತ್ತದೆ. ಪೆಟ್ಟಿಗೆ ಬಿಸಿಲಲ್ಲಿ ನಿಂತ ಲಾರಿಯೊಳಗೆ ಇದ್ದರೆ ತೊಂದರೆ. ಫೋಮ್ ಮಾಡಿದರೆ ಅಂಟು ಅದೇ, ಅದು ಮೆತ್ತಗಾಗುವ ಬಿಸಿಯೂ ಅದೇ. ಪೆಟ್ಟಿಗೆ ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ನಿಂತಿದೆ.

ಗಾಳಿಯ ಕಥೆ ನಿಜ. ಬಿಸಿ ಅಂಟಿಗೆ ಆಮ್ಲಜನಕ ಕೂಡಿದರೆ ಸುಟ್ಟು ಕಪ್ಪಾಗುತ್ತದೆ. ನೈಟ್ರೋಜನ್ ಅದರ ಗೊಡವೆಗೆ ಹೋಗುವುದಿಲ್ಲ. ಪಿಯುಆರ್ (ಪಾಲಿಯುರೆಥೇನ್) ಅಂಟಾದರೆ ಇನ್ನೂ ಕಷ್ಟ, ಅದು ತೇವಕ್ಕೇ ಗಟ್ಟಿಯಾಗುವುದು. ಕಂಪ್ರೆಸರ್ ಗಾಳಿಯ ನೀರಿನಂಶ ಸಾಕು, ಹೋಸ್‌ನಲ್ಲೇ ಕಲ್ಲಾಗುತ್ತದೆ.

ಬಿ_ಶಿಫ್ಟ್:

ಎರಡು ದಿನ ಬಿಟ್ಟು ಬಂದಿದ್ದೇನೆ. ಕಪ್ಪಿನ ಲೆಕ್ಕ ಮಾಡಿದೆ. ಮಾಮೂಲಿ ಅಂಟು 46 ಗ್ರಾಂ. ಫೋಮ್ 15 ಗ್ರಾಂ! ಅಂದರೆ 67 ಪರ್ಸೆಂಟ್ ಗ್ಯಾಸ್. "ಸೆಟ್ಟಿಂಗ್ ಸರಿಯಾಗಿದೆ" ಅಂದವರಿಗೆ ತಕ್ಕಡಿ ತೋರಿಸಿದೆ, ಮಾತಾಡಲಿಲ್ಲ. ಗ್ಯಾಸ್ ಇಳಿಸಿ ಈಗ 24 ಗ್ರಾಂಗೆ ತಂದಿದ್ದೇವೆ, ಸುಮಾರು 48 ಪರ್ಸೆಂಟ್.

ಗಾಜಿನ ಪ್ರಯೋಗವನ್ನೂ ಮಾಡಿದೆ. ಮಾಮೂಲಿ ಗೆರೆ ಒತ್ತಿದಾಗ ಒಂದು ಬೆರಳು ಅಗಲ ಆಗಿ ನಿಂತಿತು. ಫೋಮ್ ಗೆರೆ ಸರ್ರನೆ ಹರಡಿ ಹತ್ತಿರ ಹತ್ತಿರ ಎರಡು ಬೆರಳು. ಗುಳ್ಳೆಗಳು ಅಂಚಿಗೆ ಓಡಿ ಒಡೆಯುವುದು ಕಣ್ಣಿಗೇ ಕಾಣುತ್ತಿತ್ತು. ಹುಡುಗರನ್ನು ಕರೆದು ತೋರಿಸಿದೆ. ಆಮೇಲೆ ಒತ್ತಿ ಅಂತ ಎರಡನೇ ಸಲ ಹೇಳಬೇಕಾಗಲಿಲ್ಲ.

ಈಗ ಮೂರು ಸೆಕೆಂಡ್ ಒತ್ತಿ ಹಿಡಿಯುತ್ತೇವೆ. ಇವತ್ತು ಬೆಳಿಗ್ಗೆ ಒಂದೂ ಬಿದ್ದಿರಲಿಲ್ಲ. ಒಂದನ್ನು ಬೇಕಂತಲೇ ಕಿತ್ತೆ. ಥರ್ಮಾಕೋಲ್ ಮಣಿಗಳು ಕಿತ್ತು ಅಂಟಿನ ಜೊತೆಗೇ ಬಂದವು, ಅಂಟು ಬಿಡಲಿಲ್ಲ.

ನಾಝಲ್ 40 ಮಿಲಿಮೀಟರ್ ಉದ್ದದ್ದು ಇತ್ತು, ಗಿಡ್ಡದ್ದು ಹಾಕಿದೆ. ತೊಟ್ಟಿಕ್ಕುವುದು ಪೂರ್ತಿ ನಿಂತಿಲ್ಲ, ಆದರೆ ಬೆಲ್ಟ್ ಈಗ ಬೆಲ್ಟ್ ಥರ ಕಾಣುತ್ತಿದೆ. ಬ್ರೇಕ್ ಮುಗಿಸಿ ಬಂದು ಶುರು ಮಾಡಿದಾಗ ಮಾತ್ರ ಗೆರೆ ಪಟ್ ಪಟ್ ಅಂತ ಸಿಡಿಯುತ್ತದೆ. ಅದೇಕೆ?

ಹಳೇ_ಫಿಟ್ಟರ್:

ಹೋಸ್‌ನಲ್ಲಿ ನಿಂತ ಅಂಟಿನಲ್ಲಿ ಸಣ್ಣ ಗುಳ್ಳೆಗಳು ಒಂದಕ್ಕೊಂದು ಕೂಡಿ ದೊಡ್ಡದಾಗುತ್ತವೆ. ಅಂಟು ಟ್ಯಾಂಕಿಗೆ ವಾಪಸ್ ತಿರುಗುವ ವ್ಯವಸ್ಥೆ ಮೆಷಿನ್‌ನಲ್ಲಿದ್ದರೆ ಬ್ರೇಕ್‌ನಲ್ಲೂ ಅದನ್ನು ಚಾಲೂ ಇಡಿ. ಇಲ್ಲದಿದ್ದರೆ ಮೊದಲ ನಾಲ್ಕಾರು ಶಾಟ್ ಹಳೇ ರಟ್ಟಿನ ಮೇಲೆ ಬಿಟ್ಟು, ಸಿಡಿಯುವುದು ನಿಂತ ಮೇಲೆ ಲೈನ್ ಶುರು ಮಾಡಿ.

ಬಿ_ಶಿಫ್ಟ್:

ಆ ವ್ಯವಸ್ಥೆ ಇಲ್ಲ ಸರ್. ಗನ್ ಪಕ್ಕದಲ್ಲಿ ರಟ್ಟು ಕಟ್ಟಿ ಇಟ್ಟಿದ್ದೇನೆ.