ಹೆಡರಿನಲ್ಲಿ ಯುಇಂಟ್32_ಟಿ ಹಾಕಿದ್ರೆ ಎಂತ ತಪ್ಪು?

ಮಲ್ಪೆ ಬಂದರು:
ಐಸ್ ಪ್ಲಾಂಟಿನ ಟೆಂಪರೇಚರ್ ಓದುವ ಕಾರ್ಡಿಗೆ ಲಿನಕ್ಸ್ ಡ್ರೈವರ್ ಬರೀತಾ ಇದ್ದೇನೆ. ಒಂದೇ ಹೆಡರ್ (ಡೇಟಾದ ವಿವರಣೆ ಇರುವ ಫೈಲ್) ಓಎಸ್‌ನ ತಿರುಳಾದ ಕರ್ನಲ್‌ಗೂ ಬೇಕು, ರೀಡಿಂಗ್ ತೋರಿಸುವ ಪ್ರೋಗ್ರಾಮಿಗೂ ಬೇಕು. ಅದರ ಸ್ಟ್ರಕ್ಟಿನಲ್ಲಿ (ಡೇಟಾದ ಕಟ್ಟು) 32, 64 ಬಿಟ್ ಸಂಖ್ಯೆಗೆ ಸಿ ಭಾಷೆಯ ಸ್ಟ್ಯಾಂಡರ್ಡ್ ಹೆಸರಾದ ಯುಇಂಟ್32_ಟಿ, ಯುಇಂಟ್64_ಟಿ ಹಾಕಿದ್ದೆ. ರಿವ್ಯೂ ಮಾಡಿದವರು ಎಲ್ಲ ತೆಗೆದು ಕರ್ನಲ್‌ನದ್ದೇ ಹೆಸರಾದ __ಯು32, __ಯು64 ಮಾಡು ಅಂದ್ರು. ಆ ಹೆಸರು ತಂದ ಸಿ99 ಸ್ಟ್ಯಾಂಡರ್ಡ್ ಬಂದು 25 ವರ್ಷ ದಾಟಿತು. ಸ್ಟ್ಯಾಂಡರ್ಡ್ ಹೆಸರು ಒಳಗೆ ಬರಲಿಕ್ಕೆ ಇನ್ನೂ ಮಡಿ ಉಡ್ಬೇಕಾ?

ಕದ್ರಿಗುಡ್ಡೆ:
ಮಡಿ ಅಲ್ಲ ಮಾರಾಯ್ರೆ, ಜಾಗದ ತಕರಾರು. ಯುಇಂಟ್32_ಟಿ ಸಿ ಲೈಬ್ರರಿಯ ಹೆಸರು. ಕರ್ನಲ್ ಹೆಡರ್ ಅದನ್ನು ತಾನೇ ಟೈಪ್‌ಡೆಫ್ ಮಾಡಿ ಇನ್ನೊಮ್ಮೆ ಆ ಹೆಸರಿಟ್ರೆ ಲೈಬ್ರರಿಯದ್ದಕ್ಕೆ ಡಿಕ್ಕಿ ಹೊಡೀಬಹುದು. ಎರಡು ಅಂಡರ್‌ಸ್ಕೋರಿಂದ ಸುರುವಾಗುವ ಹೆಸರುಗಳನ್ನು ಸಾಮಾನ್ಯ ಪ್ರೋಗ್ರಾಮುಗಳು ಮುಟ್ಟಬಾರದು ಅಂತ ಸಿ ಸ್ಟ್ಯಾಂಡರ್ಡೇ ಹೇಳ್ತದೆ, ಅಲ್ಲಿ ಜಗಳ ಇಲ್ಲ. ಕರ್ನಲ್‌ನ ಕೋಡಿಂಗ್ ಸ್ಟೈಲ್ ದಾಖಲೆಯಲ್ಲೂ ಉಂಟು: ಯೂಸರ್‌ಸ್ಪೇಸಿಗೆ (ಕರ್ನಲ್ ಹೊರಗಿನ ಪ್ರೋಗ್ರಾಮುಗಳಿಗೆ) ಕಾಣುವ ಸ್ಟ್ರಕ್ಟಿನಲ್ಲಿ __ಯು32 ಬಳಸಿ ಅಂತ.

ಗೋಳಿಬಜೆ:
ಹಾಗಾದ್ರೆ ಫೈಲ್‌ಸಿಸ್ಟಮನ್ನು ಕರ್ನಲ್ ಹೊರಗೆ ಓಡಿಸುವ ಫ್ಯೂಸ್? ಅದರ ಹೆಡರ್ ಕರ್ನಲ್ ಸೋರ್ಸಿನಲ್ಲೇ ಉಂಟು, ಯುಇಂಟ್32_ಟಿಯನ್ನೇ ಬಳಸ್ತದೆ. ಕರ್ನಲ್ ಒಳಗಾದ್ರೆ ಲಿನಕ್ಸಿನ ಟೈಪ್ಸ್ ಹೆಡರ್, ಹೊರಗಾದ್ರೆ ಸಿ ಲೈಬ್ರರಿಯ ಸ್ಟಡ್‌ಇಂಟ್ ಹೆಡರ್. ಒಂದು ಇಫ್‌ಡೆಫಿನಲ್ಲಿ (ಷರತ್ತಿನ ಸಾಲು) ಮುಗೀತು. ವರ್ಚುವಲ್ ಕಂಪ್ಯೂಟರ್ ಓಡಿಸುವ ಕ್ಯೂಎಮುವಿನವರಂತೂ ಕೆಲವು ಲಿನಕ್ಸ್ ಹೆಡರ್ ತರುವಾಗ ಪದ ಬದಲಿಸುವ ಸೆಡ್ ಓಡಿಸಿ __ಯು32 ಇದ್ದಲ್ಲಿ ಯುಇಂಟ್32_ಟಿ ಮಾಡ್ತಾರೆ.

ಕದ್ರಿಗುಡ್ಡೆ:
ಗ್ರಾಫಿಕ್ಸ್ ಕಾರ್ಡಿನ ಡಿಆರ್‌ಎಂ ಹೆಡರ್ ಅದಕ್ಕೆ ಉಲ್ಟಾ. ಬಿಎಸ್‌ಡಿ ಓಎಸ್‌ನಲ್ಲಿ ಸ್ಟಡ್‌ಇಂಟ್ ತಂದು ಅದರ ಮೇಲೆ __ಯು32 ಕಟ್ಟುತ್ತದೆ. ಮಲ್ಪೆಯವರೇ, ನಿಮ್ಮ ಕಾರ್ಡು ಬೇರೆ ಓಎಸ್‌ಗೆ ಹೋಗ್ಲಿಕ್ಕುಂಟಾ?

ಮಲ್ಪೆ ಬಂದರು:
ಇಲ್ಲ. ಆದ್ರೆ __ಯು64ಕ್ಕೆ ಬದಲಿಸಿದ ಕೂಡ್ಲೇ ಸಂಖ್ಯೆ ತೋರಿಸುವ ಪ್ರಿಂಟ್‌ಎಫ್ ಸಾಲಿಗೆ ಕಂಪೈಲರ್ ಬೈಲಿಕ್ಕೆ ಸುರು ಮಾಡಿದೆ.

ಗೋಳಿಬಜೆ:
ಬೈಯದೆ? 64 ಬಿಟ್ ಪಿಸಿಯಲ್ಲಿ ಗ್ಲಿಬ್‌ಸಿ ಅನ್ನುವ ಸಿ ಲೈಬ್ರರಿಯ ಯುಇಂಟ್64_ಟಿ ಅಂದ್ರೆ ಅನ್‌ಸೈನ್ಡ್ ಲಾಂಗ್, __ಯು64 ಅನ್‌ಸೈನ್ಡ್ ಲಾಂಗ್ ಲಾಂಗ್. ಎರಡೂ 8 ಬೈಟೇ, ಕಂಪೈಲರಿಗೆ ಮಾತ್ರ ಬೇರೆ ಬೇರೆ. ಪ್ರಿಂಟ್‌ಎಫಿನಲ್ಲಿ %ಎಲ್‌ಎಲ್‌ಯು ಹಾಕಿ.

ಕಾಪು ದೀಪಸ್ತಂಭ:
ಬರೀ ಹೆಸರಿನ ಚರ್ಚೆ ಆಯ್ತಲ್ಲ. ಸ್ಟ್ರಕ್ಟಿನಲ್ಲಿ ಎಂತೆಲ್ಲ ಉಂಟು ಹೇಳಿ ನೋಡುವಾ.

ಮಲ್ಪೆ ಬಂದರು:
ಮೊದಲು 32 ಬಿಟ್ ಚಾನೆಲ್, ಆಮೇಲೆ 64 ಬಿಟ್ ಟೈಮ್, ಕಡೆಗೆ ಬಫರಿನ ಪಾಯಿಂಟರ್ (ಮೆಮೊರಿ ವಿಳಾಸ). ಪ್ಲಾಂಟಿನ ಪ್ರೋಗ್ರಾಂ ಹಳೇ 32 ಬಿಟ್ ಎಕ್ಸ್86 ಬಿಲ್ಡ್, ಕರ್ನಲ್ 64.

ಕಾಪು ದೀಪಸ್ತಂಭ:
ಸಿಕ್ಕಿತು. 32ರಲ್ಲಿ ಟೈಮ್ 4ನೇ ಬೈಟಿಗೇ ಕೂರ್ತದೆ, ಪಾಯಿಂಟರ್ 4 ಬೈಟು, ಒಟ್ಟು 16. 64ರಲ್ಲಿ ಟೈಮ್ 8ಕ್ಕೆ ಜಾರ್ತದೆ, ಪಾಯಿಂಟರೂ 8, ಒಟ್ಟು 24. ಪ್ರೋಗ್ರಾಂ ಡ್ರೈವರಿಗೆ ಆಜ್ಞೆ ಕಳಿಸುವ ಐಒಸಿಟಿಎಲ್ ನಂಬರಿನೊಳಗೆ ಸ್ಟ್ರಕ್ಟಿನ ಸೈಜೂ ಸೇರಿರ್ತದೆ, ಹಾಗಾಗಿ ನಿಮ್ಮ ಡ್ರೈವರಿಗೆ ಆ ನಂಬರಿನ ಗುರುತೇ ಸಿಗುದಿಲ್ಲ. ಈ ಆಜ್ಞೆ ಗೊತ್ತಿಲ್ಲ ಅನ್ನುವ ಇನಾಟಿಟಿವೈ ಎರರ್ ಬರ್ತಾ ಉಂಟಾ?

ಮಲ್ಪೆ ಬಂದರು:
ಅಯ್ಯೋ, ಎರಡು ದಿನದಿಂದ ಅದೇ! ನಾನು ಕೇಬಲ್ ಬದಲಿಸಿದೆ.

ಕಾಪು ದೀಪಸ್ತಂಭ:
ಪಾಪದ ಕೇಬಲ್. ಪಾಯಿಂಟರನ್ನು __ಯು64 ಮಾಡಿ ಕಳಿಸಿ, ಕರ್ನಲ್‌ನಲ್ಲಿ ಯು64_ಟು_ಯೂಸರ್_ಪಿಟಿಆರ್ ಇಂದ ವಾಪಸ್ ತಗೊಳ್ಳಿ. ಚಾನೆಲಿನ ಬೆನ್ನಿಗೇ 32 ಬಿಟ್ ಪ್ಯಾಡ್ (ಖಾಲಿ ಜಾಗ) ಇಡಿ, ಅದು ಸೊನ್ನೆ ಅಲ್ಲದಿದ್ರೆ ಡ್ರೈವರ್ ತಿರಸ್ಕರಿಸಲಿ. ಲಾಂಗ್ ಅಂತೂ ಎಲ್ಲಿಯೂ ಬೇಡ. ಮತ್ತೆ 32 ಬಿಟ್ ಆರ್ಮ್ ಬೋರ್ಡಿನಲ್ಲಿ ಟೆಸ್ಟ್ ಮಾಡಿ ಟೈಮ್ ಸರಿಯುಂಟು ಅಂತ ಕೂರ್ಬೇಡಿ, ಅಲ್ಲಿ 64 ಬಿಟ್ ಸಂಖ್ಯೆ 8ಕ್ಕೇ ಕೂರುವುದು.

ಮಲ್ಪೆ ಬಂದರು:
ಈಗ ಎರಡೂ ಕಡೆ 24. ರೀಡಿಂಗ್ ಬಂತು. ರಿವ್ಯೂನವರ ಮಾತಿನ ಹಾಗೆ __ಯು32 ಇಟ್ಟಿದ್ದೇನೆ.

ಗೋಳಿಬಜೆ:
ಯುಇಂಟ್32_ಟಿ ಇಟ್ಟಿದ್ರೂ 24ಏ ಬರ್ತಿತ್ತು. ದಾಖಲೆಗೆ ಇರಲಿ ಅಂತ ಹೇಳಿದ್ದು.