ಸಹಾಯ ಬೇಕು: ತೋಟದ ಪಿಟ್ ವೈಪರ್ ಹಾವಿನ ವಿಷದ ಬಗ್ಗೆ ತಿಳಿದವರು ಯಾರಾದರೂ ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯವನು, ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ ಓದುತ್ತಿದ್ದೇನೆ. ಕಾಫಿ ಕುಯ್ಲು ಶುರುವಾಗುವ ಮುಂಚೆ ತೋಟದ ಕೆಲಸದವರಿಗೆ ಹಾವಿನ ವಿಷದ ಬಗ್ಗೆ ಒಂದು ಮಾತುಕತೆ ಇಟ್ಟುಕೊಂಡಿದ್ದೇವೆ.

ನಮ್ಮ ಆಸ್ಪತ್ರೆಗಳಲ್ಲಿ ಕೊಡುವ ಪ್ರತಿವಿಷ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ 4 ಹಾವುಗಳಿಗೆ ಮಾತ್ರ. ತಮಿಳುನಾಡಿನ ಇರುಳರ (ಹಾವು ಹಿಡಿಯುವುದರಲ್ಲಿ ಪಳಗಿದ ಬುಡಕಟ್ಟು ಜನ) ಸಹಕಾರ ಸಂಘದವರು ಹಾವು ಹಿಡಿದು, ವಿಷ ತೆಗೆದು, ಮತ್ತೆ ಬಿಟ್ಟುಬಿಡುತ್ತಾರೆ. ಒಣಗಿಸಿ ಪುಡಿಯಾದ ಆ ವಿಷವನ್ನು ಕುದುರೆಗೆ ಸ್ವಲ್ಪ ಸ್ವಲ್ಪವೇ ಚುಚ್ಚಿ, ಅದರ ರಕ್ತದಿಂದ ಔಷಧಿ ಮಾಡುತ್ತಾರೆ. ಆದರೆ ನಮ್ಮ ತೋಟದ ತರಗೆಲೆಯಲ್ಲಿ ಸುಮ್ನೆ ಸುತ್ತಿಕೊಂಡು ಬಿದ್ದಿರುವ ಹಂಪ್ ನೋಸ್ಡ್ ಪಿಟ್ ವೈಪರ್ ಈ ಪಟ್ಟಿಯಲ್ಲೇ ಇಲ್ಲ! ತರಗೆಲೆಯದೇ ಬಣ್ಣ, ಮೂಗಿನ ತುದಿ ಮೇಲೆದ್ದಿರುತ್ತದೆ. ಕಚ್ಚಿದರೆ ಊತ, ನೋವು. ಕೆಲವರಿಗೆ ರಕ್ತ ಹೆಪ್ಪುಗಟ್ಟುವುದಿಲ್ಲ, ಕಿಡ್ನಿಗೂ ಪೆಟ್ಟು ಬೀಳಬಹುದು.

ನನ್ನ ತಲೆಬಿಸಿ ಏನೆಂದರೆ, "ಇದಕ್ಕೆ ಪ್ರತಿವಿಷ ಇಲ್ಲ" ಎಂದರೆ ಜನ ಆಸ್ಪತ್ರೆ ಬಿಟ್ಟು ನಾಟಿ ಔಷಧಿಗೆ ಓಡುತ್ತಾರೆ, ಅಲ್ವಾ? ರಕ್ತ, ಕಿಡ್ನಿ ನೋಡಿಕೊಳ್ಳುವುದಕ್ಕಾದರೂ ಆಸ್ಪತ್ರೆ ಬೇಕೇ ಬೇಕು. ಇದನ್ನು ಹೆದರಿಸದೆ ಹೇಳುವುದು ಹೇಗೆ?

ಇಂಥ ಕೇಸ್ ನೋಡಿರುವ ಡಾಕ್ಟರ್, ನರ್ಸ್‌ಗಳು ದಯವಿಟ್ಟು ತಿಳಿಸಿ. ಬೆಂಗಳೂರಿನ ಐಐಎಸ್‌ಸಿಯಲ್ಲಿ ಹಾವಿನ ವಿಷದ ಸಂಶೋಧನೆ ನಡೆಯುತ್ತದೆ. ಅಲ್ಲಿ ಪರಿಚಯ ಇರುವವರು ಇದ್ದರೆ ಮೆಸೇಜ್ ಮಾಡಿ. ನಮ್ಮ ಕಡೆಯ ಫೋಟೋ ಇದ್ದರೂ ಹಾಕಿ. ಆದರೆ ಫೋಟೋಗೋಸ್ಕರ ಯಾರೂ ಹತ್ತಿರ ಹೋಗಬೇಡಿ ಮಾರಾಯ್ರೆ.